ಗದ್ದ ಊರಿದ ಕೋಲು

ನಮ್ಮ ಗೋಕಾಕದ ಮನೆಯ ತಲೆಬಾಗಿಲ ಹಿಂದೆ ಒಂದು ಕೋಲು ನಿಂತಿರುತ್ತದೆ. ಬಂದವರು ಚಪ್ಪಲಿ ಬಿಡುವಾಗ ಅದು ಜಾರಿ ಅವರ ಕಾಲ ಮೇಲೆ ಬೀಳುವುದು, ನಾನು ಒಳಗಿನಿಂದ ಓಡಿ ಬಂದು "ಪೆಟ್ಟ ಹತ್ತಿತೇನ್ರಿ" ಎನ್ನುತ್ತ ಮೊದಲು ಕೋಲನ್ನೇ ಎತ್ತಿ ತಿರುವಿ ನೋಡುವುದು, ಇದು ವಾರಕ್ಕೊಮ್ಮೆಯಾದರೂ ನಡೆಯುವ ಸಂಗತಿ. ಪೆಟ್ಟು ತಿಂದವರು ಮನಸ್ಸಿನಲ್ಲಿ ಏನು ಅಂದುಕೊಳ್ಳುತ್ತಾರೆಂದು ನನಗೆ ಗೊತ್ತು. ಆದರೂ ಕೈ ಮೊದಲು ಕೋಲಿನ ಕಡೆಗೇ ಹೋಗುತ್ತದೆ.

ಅದರಿಂದ ಆಗುವ ಕೆಲಸ ಒಂದೆರಡಲ್ಲ. ಎತ್ತರದ ಗಳದ ಮೇಲಿನ ಒದ್ದೆ ಸೀರೆ ಸರಿಸುವುದು, ಹಪ್ಪಳಕ್ಕೆ ಬರುವ ಮಂಗಗಳನ್ನು ಓಡಿಸುವುದು, ಅಟ್ಟದ ಮೇಲಿನ ಬುಟ್ಟಿಯನ್ನು ಕೆಳಗೆ ಎಳೆಯುವುದು. ಮೊಮ್ಮಗಳು ಅದನ್ನೇ ಕುದುರೆ ಮಾಡಿಕೊಂಡು ಓಣಿ ಸುತ್ತಿ ಬರುತ್ತಾಳೆ. ಈ ಯುದ್ಧ ಹತ್ತಿದಾಗಿನಿಂದ ಸೀಮೆಎಣ್ಣೆ ಸಿಗುವುದಿಲ್ಲ, ಕಟ್ಟಿಗೆಯೂ ತುಟ್ಟಿಯಾಗಿದೆ. ಮೊನ್ನೆ ನನ್ನ ಮಗ ನಗುತ್ತ, "ಅವ್ವಾ, ಈ ಕೋಲ ಒಲಿಗೆ ಹಾಕಿದ್ರ ಒಂದ ತಂಬಿಗಿ ನೀರರೆ ಕಾಯ್ತಾವ ನೋಡು" ಅಂದ. ಅವನ ತಾಟಿಗೆ ರೊಟ್ಟಿ ನೀಡುವವರೆಗೂ ನಾನು ಅವನ ಜೊತೆ ಮಾತಾಡಲಿಲ್ಲ. ಆಮೇಲೆ ಆಡಿದ್ದೂ ಪಲ್ಯದ ಬಗ್ಗೆ ಮಾತ್ರ.

ಅವನ ತಪ್ಪೇನಿಲ್ಲ. ನೋಡಲಿಕ್ಕೆ ಅದು ಕೋಲೇ. ಆದರೆ ನೀವು ಕೈಯಲ್ಲಿ ಹಿಡಿದು ನೋಡಿದರೆ, ಅದರ ತುದಿಯಲ್ಲಿ ಒಂದು ಸಣ್ಣ ತಗ್ಗು ಕಂಡೀತು. ಉಳಿದ ಕೋಲುಗಳು ಅಂಗೈಯಿಂದ ನುಣುಪಾಗುತ್ತವೆ. ಇದು ಗದ್ದದಿಂದ ನುಣುಪಾದದ್ದು. ಅದೂ ಇಬ್ಬರ ಗದ್ದದಿಂದ. ಒಬ್ಬ ನಮ್ಮ ತವರಿನ ಕಡೆಯ ಕುರಿ ಕಾಯುವವನು, ಇನ್ನೊಬ್ಬರು ನನ್ನ ಅತ್ತೆ. ಸೋಸದ ನೀರನ್ನು ಕಾಲಿಗೂ ಹಾಕಿಕೊಳ್ಳದ ಜೈನರ ಮನೆಯ ಹಿರಿಯ ಹೆಂಗಸು, ಕಂಬಳಿ ಹೊದ್ದು ಕಾಡುಮೇಡು ತಿರುಗುವ ಕುರುಬ, ಇಬ್ಬರಿಗೂ ಒಂದೇ ಕೋಲು ಬೇಕಾದದ್ದು ದಮ್ಮಿನ ದೆಸೆಯಿಂದ. ಪುಸ್ತಕದಲ್ಲಿ ಉಬ್ಬಸ ಎಂದು ಬರೆಯುತ್ತಾರಲ್ಲ, ಅದಕ್ಕೆ ನಮ್ಮ ಕಡೆ ದಮ್ಮು ಅನ್ನುತ್ತಾರೆ.

ನಾನು ಹುಟ್ಟಿದ್ದು ಮೂಡಲಗಿಯಲ್ಲಿ. ಸುಗ್ಗಿ ಮುಗಿದು ಹೊಲ ಬೋಳಾದ ಮೇಲೆ, ಗೊಬ್ಬರವಾಗಲೆಂದು ಅಪ್ಪ ಕುರಿ ಹಿಂಡುಗಳನ್ನು ಕರೆಸಿ ನಾಲ್ಕೆಂಟು ದಿನ ಹೊಲದಲ್ಲಿ ಕೂಡಿಸುತ್ತಿದ್ದರು. ಕುರಿಯವರಿಗೆ ಅದಕ್ಕೆ ಜೋಳ ಅಳೆದು ಕೊಡುವುದು ವಾಡಿಕೆ. ಹಾಗೆ ವರ್ಷವರ್ಷ ಬರುತ್ತಿದ್ದವನು ಮಾಳಪ್ಪ. ನಾನು ಅವನನ್ನು ಕಾಕಾ ಎಂದು ಕರೆಯುತ್ತಿದ್ದೆ. ಅವನ ಕಂಬಳಿಗೆ ಬಿಸಿಲು, ಕುರಿ ಹಾಲು, ಹೊಗೆ ಎಲ್ಲ ಸೇರಿದ ಒಂದು ವಾಸನೆಯಿತ್ತು. ಅವ್ವನ ಕಣ್ಣು ತಪ್ಪಿಸಿ ನಾವು ಹುಡುಗಿಯರು ಆ ಕಂಬಳಿಯ ಮೇಲೆ ಉರುಳಾಡಿ ಬರುತ್ತಿದ್ದೆವು. ಮನೆಗೆ ಬಂದೊಡನೆ ವಾಸನೆಯೇ ನಮ್ಮನ್ನು ಹಿಡಿದು ಕೊಡುತ್ತಿತ್ತು.

ಮಾಳಪ್ಪ ನಿಲ್ಲುವ ರೀತಿಯೇ ಬೇರೆ. ಕೋಲನ್ನು ಮುಂದೆ ಊರಿ, ಎರಡೂ ಕೈಗಳಿಂದ ಅದನ್ನು ಸಡಿಲಾಗಿ ಹಿಡಿದು, ತುದಿಗೆ ಗದ್ದ ಕೊಟ್ಟು, ಮೈಯನ್ನು ಅದರ ಮೇಲೆ ಬಿಟ್ಟು ನಿಂತಿರುತ್ತಿದ್ದ. ತುಟಿಗಳನ್ನು ಮುಂದೆ ಮಾಡಿ ಸಣ್ಣಗೆ ಊದುತ್ತಿದ್ದ. ಅದು ಕುರಿ ಕರೆಯುವ ಸೀಟಿಯೆಂದು ನಾವು ತಿಳಿದಿದ್ದೆವು. ಎಷ್ಟು ಊದಿದರೂ ಒಂದು ಕುರಿಯೂ ತಲೆಯೆತ್ತಿ ನೋಡುತ್ತಿರಲಿಲ್ಲ. ಕಾಕಾನ ಕುರಿಗಳು ಕಿವುಡೆಂದು ನಾನು ಬಹಳ ದಿನ ನಂಬಿದ್ದೆ. ಅವನಂತೆ ನಿಲ್ಲಲು ಹೋಗಿ, ಕೋಲು ಜಾರಿ, ಮೂಗು ನೆಲಕ್ಕೆ ತಾಗಿಸಿಕೊಂಡ ಗುರುತು ನನ್ನ ಮುಖದ ಮೇಲೆ ಈಗಲೂ ಇದೆ. ಮಾಳಪ್ಪನಿಗೆ ದಮ್ಮು ಇದೆ, ಅವನು ನಿಲ್ಲುವುದು ಉಸಿರಿಗಾಗಿ, ಊದುವುದೂ ಉಸಿರಿಗಾಗಿ ಎನ್ನುವುದು ನನಗೆ ತಿಳಿದದ್ದು ಮದುವೆಯಾದ ಮೇಲೆ.

ಹದಿನಾಲ್ಕಕ್ಕೆ ನನ್ನನ್ನು ಹುಕ್ಕೇರಿಗೆ ಕೊಟ್ಟರು. ಈ ಗೋಕಾಕದ ಮನೆಗೆ ಬಂದದ್ದು ಬಹಳ ವರ್ಷಗಳ ಮೇಲೆ. ಜರ್ಮನಿಯವನ ಮೊದಲ ಯುದ್ಧ ಇನ್ನೂ ಹತ್ತಿರಲಿಲ್ಲ. ಅತ್ತೆಯ ಹೆಸರು ಜಿನ್ನವ್ವ. ಎತ್ತರದ, ಒಣಗಿದ ಮೈಯ ಹೆಂಗಸು. ಮಾತು ಕಡಿಮೆ, ಆಡಿದ್ದೆಲ್ಲ ನನ್ನ ಅಡಿಗೆಯ ಬಗ್ಗೆ. ಅವರು ಉಸಿರಾಡಿದರೆ ಎದೆಯೊಳಗೆ ಒಂದು ಸಣ್ಣ ಸೀಟಿ ಕೇಳುತ್ತಿತ್ತು. ಅದು ಅವರಿಗೆ ಎಷ್ಟು ಕಷ್ಟವೋ ನನಗೆ ಅಷ್ಟೇ ಉಪಕಾರಿಯಾಗಿತ್ತು. ಬೆಲ್ಲದ ಗಡಿಗೆಯೊಳಗೆ ಕೈ ಇಟ್ಟಿದ್ದಾಗ ಸೀಟಿ ಪಡಸಾಲೆಯಲ್ಲಿದೆಯೋ ದೇವರ ಖೋಲಿಗೆ ಬಂತೋ ಎಂದು ಕಿವಿಗೊಟ್ಟು, ಸಾಕಷ್ಟು ಮೊದಲೇ ಬಾಯಿ ಒರೆಸಿಕೊಳ್ಳುತ್ತಿದ್ದೆ. ಉಸಿರು ಕೇಳಿ ಮನುಷ್ಯರನ್ನು ಅಳೆಯುವ ವಿದ್ಯೆ ಆ ಮನೆಯಲ್ಲಿ ನನಗೊಬ್ಬಳಿಗೇ ಇದೆಯೆಂದು ಆಗ ನನ್ನ ಜಂಬ.

ಅತ್ತೆಗೆ ಒಂದು ನೇಮವಿತ್ತು. ಬಸದಿಗೆ ಹೋಗಿ ಸ್ವಾಮಿಯ ದರ್ಶನವಾಗದೆ ಬಾಯಿಗೆ ಒಂದು ಹನಿ ನೀರೂ ಬಿಡುವಂತಿಲ್ಲ. ಚಿಕ್ಕವರಿದ್ದಾಗ ಮುನಿಗಳ ಮುಂದೆ ಹಿಡಿದ ನೇಮ, ಮದುವೆ, ಬಾಣಂತನ, ಮಾವನವರ ಸಾವು, ಯಾವುದರಲ್ಲೂ ತಪ್ಪಿರಲಿಲ್ಲವಂತೆ. ಇತ್ತ ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಊಟವಿಲ್ಲ. ಹಾಗಾಗಿ ದರ್ಶನ ತಡವಾದಷ್ಟೂ ಉಣ್ಣುವ ಹೊತ್ತು ಸಣ್ಣದಾಗುತ್ತದೆ. ಬಸದಿ ಊರ ದಿಬ್ಬದ ಮೇಲೆ, ಮೂವತ್ತೆರಡು ಮೆಟ್ಟಿಲು. ಮೆಟ್ಟಿಲಿಗೆ ಮೊದಲೇ ಒಂದು ಏರು ಓಣಿ, ಓಣಿಯ ತಿರುವಿನಲ್ಲಿ ಬೇವಿನ ಮರ. ನಾನು ಹೋದ ಮೂರನೆಯ ವರ್ಷ ಅತ್ತೆಯ ದಮ್ಮು ಹೆಚ್ಚಾಯಿತು. ಬೇವಿನ ಮರದವರೆಗೆ ಹೋಗಿ, ಮೇಲೆ ಹೋಗಲಾರದೆ, ಕೆಳಗೆ ಬರಲು ಮನಸ್ಸಿಲ್ಲದೆ, ಅಲ್ಲೇ ಎದೆ ಹಿಡಿದು ಕೂತುಬಿಡುತ್ತಿದ್ದರು. ಎಷ್ಟೋ ದಿನ ಉಪವಾಸವೇ ಮಲಗಿದರು.

ಬೆಳಗಾವಿಯಿಂದ ಒಬ್ಬ ಡಾಕ್ಟರನ್ನು ಕರೆಸಿದೆವು. ಆತ ಔಷಧ ಕೊಟ್ಟು, "ಅವರನ್ನ ದಣಿಸಬ್ಯಾಡ್ರಿ" ಎಂದು ಹೇಳಿ ಹೋದ. ನಮ್ಮ ಮನೆಯವರು ಯಾವುದನ್ನೂ ಅರ್ಧಕ್ಕೆ ಮಾಡುವವರಲ್ಲ. ದಣಿಸಬೇಡಿ ಅಂದದ್ದನ್ನು ಏಳಿಸಬೇಡಿ ಅನ್ನುವವರೆಗೆ ಒಯ್ದೆವು. ಪಡಸಾಲೆಯಲ್ಲಿ ಹೊರಸು ಹಾಕಿ ಅತ್ತೆಯನ್ನು ಮಲಗಿಸಿದೆವು. ಉಳಿದದ್ದು ನೇಮದ ಪ್ರಶ್ನೆ. ನಮ್ಮವರು ಬಸದಿಯಲ್ಲಿ ಪೂಜೆ ಮಾಡುವ ಉಪಾಧ್ಯೆಯನ್ನು ಕೇಳಿದರು. ಶಿಖರದ ಕಳಸ ಕಂಡರೂ ದರ್ಶನವಾದಂತೆಯೇ ಎಂದು ಉಪಾಧ್ಯೆ ಹೇಳಿದರು. ಮರುದಿನವೇ ನಮ್ಮವರು ಗೌಂಡಿಯನ್ನು ಕರೆತಂದು, ಹೊರಸಿನ ಎದುರಿನ ಗೋಡೆಯನ್ನು ಒಡೆಸಿ, ತಾವೇ ಹೊರಸಿನ ಮೇಲೆ ಮಲಗಿ ನೋಡಿ ನೋಡಿ ಗುರುತು ಹೇಳಿ, ಒಂದು ಕಿಂಡಿ ಮಾಡಿಸಿದರು. ಮಲಗಿದಲ್ಲಿಂದಲೇ ಕಳಸ ಕಾಣುತ್ತಿತ್ತು. ಓಣಿಯ ಮುದುಕಿಯರೆಲ್ಲ ಬಂದು ಹೊರಸಿನ ಮೇಲೆ ಸರದಿಯಂತೆ ಮಲಗಿ ನೋಡಿ ಹೋದರು. ಇಂಥ ಮಗ ಹುಟ್ಟಬೇಕು ಅಂದರು. ಇಬ್ಬರು ಮೂವರು ತಮ್ಮ ಮನೆಯಲ್ಲೂ ಕಿಂಡಿಗಾಗಿ ಹಟ ಹಿಡಿದರಂತೆ. ನಮ್ಮವರು ಆ ವಾರ ತುಸು ಎದೆಯುಬ್ಬಿಸಿಕೊಂಡೇ ತಿರುಗಾಡಿದರು.

ಖರೆ ಹೇಳುತ್ತೇನೆ, ಹೆಚ್ಚು ಸಂತೋಷವಾದದ್ದು ನನಗೆ. ಅತ್ತೆ ಹೊರಸಿನ ಮೇಲೆ, ಅಡಿಗೆಮನೆ ನನ್ನ ಕೈಯಲ್ಲಿ. ಬೆಲ್ಲ ತಿನ್ನಲು ಕಿವಿಗೊಡಬೇಕಾಗಿಲ್ಲ. ಸೊಂಟಕ್ಕೆ ಕೀಲಿಕೈ ಸಿಕ್ಕಿಸಿಕೊಂಡು, ಬೇಕಿಲ್ಲದಿದ್ದರೂ ಅದು ಸಪ್ಪಳವಾಗುವಂತೆ ನಡೆಯುತ್ತಿದ್ದೆ. ಹೊತ್ತುಹೊತ್ತಿಗೆ ಅತ್ತೆಗೆ ಗಂಜಿ ಒಯ್ದು ಕೊಡುತ್ತಿದ್ದೆ. ನೋಡಿದವರು ಇಂಥ ಸೊಸೆ ಸಿಗಬೇಕು ಅನ್ನುತ್ತಿದ್ದರು. ನಾನು ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತಿದ್ದೆ.

ಆದರೆ ಅತ್ತೆ ದಿನದಿನಕ್ಕೆ ಇಳಿಯುತ್ತ ಹೋದರು. ದೀಪಾವಳಿಗೆ ಮಲಗಿದವರಿಗೆ ಸಂಕ್ರಾಂತಿಯ ಹೊತ್ತಿಗೆ ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ತುಟಿ ನೀಲಿಯಾಗುತ್ತಿತ್ತು. ಆಮೇಲೆ ಎದ್ದು ಕೂತರೂ ದಮ್ಮು ಏರುತ್ತಿತ್ತು. ಕಾಲುಗಳು ಕಡ್ಡಿಯಾದವು. ಹೆಗಲುಗಳು ಮೇಲಕ್ಕೆ ಹೋಗಿ ಕಿವಿಗೆ ತಾಗಿಕೊಂಡೇ ಇರುತ್ತಿದ್ದವು. ಒಂದು ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ನನ್ನ ಬಾಯಿಗೇ ಇಡಲಾಗಲಿಲ್ಲ. ಅತ್ತೆ ಏನೂ ಅನ್ನದೆ ಉಂಡರು. ಆ ದಿನ ನನಗೆ ಹೆದರಿಕೆಯಾಯಿತು. ಕೀಲಿಕೈಯನ್ನು ಬಿಚ್ಚಿ ಗೂಟಕ್ಕೆ ಹಾಕಿದೆ, ಆದರೆ ಅದರಿಂದ ಅವರಿಗೇನೂ ಆಗುವಂತಿರಲಿಲ್ಲ.

ಅಷ್ಟರಲ್ಲಿ ಜೋಳದ ಸುಗ್ಗಿ ಮುಗಿದು, ದನಗಳ ಮೇವಿನ ಒಣದಂಟು, ಅಂದರೆ ಕಣಿಕೆ, ಮನೆಗೆ ಬಂತು. ವರ್ಷದ ವಾಡಿಕೆಯಂತೆ ಆಳುಗಳು ಅದನ್ನು ಹಿತ್ತಲಲ್ಲಿ ಬಣವೆ ಒಟ್ಟಿದರು. ನಮ್ಮವರೇ ಮುಂದೆ ನಿಂತು, ಇನ್ನೂ ಎತ್ತರ, ಇನ್ನೂ ಎತ್ತರ ಎಂದು ಹೇಳಿ ಒಟ್ಟಿಸಿದರು. ಆ ವರ್ಷ ಬೆಳೆ ಚೆನ್ನಾಗಿತ್ತು. ಮರುದಿನ ಮುಂಜಾನೆ ಅತ್ತೆ ಕೈ ಮುಗಿದು ಕಿಂಡಿಯ ಕಡೆ ನೋಡಿದರು. ಕಣ್ಣು ಕಿರಿದು ಮಾಡಿ ಮತ್ತೆ ನೋಡಿದರು. ಕಿಂಡಿಯ ತುಂಬ ಕಣಿಕೆ ಕಾಣುತ್ತಿತ್ತು.

ನಮ್ಮವರು ಹಣೆ ಬಡಿದುಕೊಂಡರು. ಆಳುಗಳು ಆ ದಿನ ಬೇರೆಯವರ ರಾಶಿಗೆ ಹೋಗಿದ್ದರು. ಒಬ್ಬರೇ ಬಣವೆ ಹತ್ತಿ ಸೂಡು ಸೂಡು ಕೆಳಗೆ ಒಗೆಯತೊಡಗಿದರು. ಮಧ್ಯಾಹ್ನವಾದರೂ ಬಣವೆ ಬಣವೆಯಾಗಿಯೇ ಇತ್ತು. ಅತ್ತೆಯ ಬಾಯಿ ಒಣಗಿತ್ತು, ಎದೆಯ ಸೀಟಿ ಓಣಿಗೆ ಕೇಳುತ್ತಿತ್ತು. ನೀರು ತಂದರೆ ಮುಖ ತಿರುಗಿಸುತ್ತಿದ್ದರು. ಅವರನ್ನು ಬಿಟ್ಟು ಉಣ್ಣಲಾರದೆ ನಾನೂ ಅಡಿಗೆಮನೆಯ ಹೊಸ್ತಿಲ ಮೇಲೆ ಅಳುತ್ತ ಕೂತಿದ್ದೆ. ಆ ಅಳುವಿನಲ್ಲಿ ಹಸಿವಿನ ಪಾಲೂ ಸ್ವಲ್ಪ ಇತ್ತು.

ಆ ಹೊತ್ತಿಗೆ ಮಾಳಪ್ಪ ಬಂದ. ಹಿಂಡನ್ನು ಹುಕ್ಕೇರಿಯ ಕಡೆಗೆ ಹೊಡೆದುಕೊಂಡು ಬಂದಾಗಲೆಲ್ಲ ನನಗೆ ತವರಿನ ಸುದ್ದಿ ಮುಟ್ಟಿಸಿ ಹೋಗುತ್ತಿದ್ದ. ನನ್ನ ಮುಖ ನೋಡಿ, "ಯಾಕ ಮಗಳ, ಏನಾತು?" ಅಂದ. ಹೇಳಿದೆ. ಅವನು ಒಳಗೆ ಬರದೆ ಪಡಸಾಲೆಯ ಬಾಗಿಲಲ್ಲೇ ಕೂತು, ತಲೆ ಓರೆ ಮಾಡಿ ಅತ್ತೆಯ ಉಸಿರನ್ನು ಸ್ವಲ್ಪ ಹೊತ್ತು ಕೇಳಿದ.

"ಎಷ್ಟ ದಿನಾತ್ರಿ ಅವ್ವಾರ, ಮಲಗಿ?"

ಅತ್ತೆ ಬೆರಳು ಮಡಚಿ ತೋರಿಸಿದರು. ನಾಲ್ಕು ತಿಂಗಳು.

"ನಮ್ಮ ಹಿಂಡಿನಾಗ ಕೆಮ್ಮಿನ ಕುರಿ ಇರ್ತಾವ್ರಿ. ಓಡಿಸಿದ್ರ ಸಾಯ್ತಾವ. ಮಲಗಿಸಿದ್ರೂ ಸಾಯ್ತಾವ. ಹಿಂಡಿನ ಹಿಂದ ಸಾವಕಾಶ ನಡಸ್ಕೋತ ಹೋದ್ರ ಬದಕ್ತಾವ."

ಬಣವೆಯಿಂದ ಇಳಿದು ಬಂದ ನಮ್ಮವರ ಮೈತುಂಬ ಕಸವಿತ್ತು. ಸಿಟ್ಟೂ ಇತ್ತು. "ನಮ್ಮವ್ವ ಕುರಿ ಅಲ್ಲೋ ಮಾಳಪ್ಪ" ಅಂದರು.

"ಖರೆ ಐತ್ರಿ ಸಾವಕಾರ್ರ. ಕುರಿ ಆಗಿದ್ರ ನಾ ಇಷ್ಟ ದಿನ ಮಲಗಿಸ್ತಿದ್ದಿಲ್ಲರಿ."

ಅತ್ತೆ ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಂತ ಮೇಲೂ ಮುಖದ ಮೇಲೆ ನಗುವಿನ ಗುರುತು ಉಳಿದಿತ್ತು. ಮಾಳಪ್ಪ ಹೇಳಿದ: "ನಿಮ್ಮ ಅಂಗಳದ ಬಾವಿಕಟ್ಟಿ ಕಡಿಂದ ಕಳಸ ಕಾಣತೈತ್ರಿ. ಈಗ ಬರೂ ಮುಂದ ನೋಡೇನಿ." ನಾನು ಹೊತ್ತುಕೊಂಡು ಹೋಗುತ್ತೇನೆ ಎಂದು ನಮ್ಮವರು ಮುಂದೆ ಬಂದರು. ಅತ್ತೆ ಕೈಯೆತ್ತಿ ತಡೆದರು. "ಹೊತಗೊಂಡ ಹೋಗಾಕ ನಾ ಇನ್ನೂ ಸತ್ತಿಲ್ಲ" ಅಂದರು. ನಾಲ್ಕು ತಿಂಗಳಲ್ಲಿ ಅವರಾಡಿದ ಅತಿ ಉದ್ದದ ಮಾತು ಅದೇ.

ಮಾಳಪ್ಪ ತನ್ನ ಕೋಲನ್ನು ನನ್ನ ಕೈಗೆ ಕೊಟ್ಟ. ಅತ್ತೆ ಅದನ್ನು ಮುಟ್ಟಲಿಲ್ಲ. ಕಣ್ಣಿಟ್ಟು ನೋಡಿ ಕೇಳಿದರು: "ಇದರಿಂದ ಎಷ್ಟ ಕುರಿ ಹೊಡದಿ?"

"ಇದರಿಂದ ಹೊಡದಿಲ್ಲರಿ. ಇದು ಊರಿ ನಿಂದ್ರೂದು. ಹೊಡಿಯೂದು ಬ್ಯಾರೆ ಐತಿ."

ಸುಳ್ಳು ಹೇಳಿ ಪಾರಾಗುವ ಮನುಷ್ಯನಲ್ಲ ಅವನು. ಆ ಬೇರೆ ಕೋಲಿನ ಬಗ್ಗೆ ಅತ್ತೆ ಮತ್ತೆ ಕೇಳಲಿಲ್ಲ. "ಸೋಸಿದ ನೀರಿಲೆ ತೊಳಿ" ಎಂದು ನನಗೆ ಹೇಳಿದರು. ಮೂರು ಸಲ ತೊಳೆದೆ. ಮಾಳಪ್ಪ ಅದನ್ನು ನೋಡುತ್ತ ಕೂತಿದ್ದ, ಒಂದಿಷ್ಟೂ ಬೇಸರ ಮಾಡಿಕೊಳ್ಳಲಿಲ್ಲ. ಕೋಲಿಗೂ ದೂಳು ಬಹಳ ಆಗಿತ್ತು ಬಿಡು ಮಗಳ ಎಂದು ನನಗೇ ಸಮಾಧಾನ ಹೇಳಿದ.

ಅತ್ತೆಯನ್ನು ಹೊರಸಿನ ಅಂಚಿನಿಂದ ಹಿಡಿದು ಎಬ್ಬಿಸಿ ನಿಲ್ಲಿಸಿ, ಕೋಲು ಮುಂದೆ ಊರಿಕೊಟ್ಟೆವು. "ಗದ್ದ ಊರ್ರಿ ಅವ್ವಾರ" ಅಂದ ಮಾಳಪ್ಪ. "ಮೈ ಭಾರ ಕೋಲಿಗೆ ಕೊಡ್ರಿ. ಹೆಗಲ ಬಿಡ್ರಿ. ಕಿವಿಗೆ ಹೋಗಿ ಹತ್ಯಾವ ನೋಡ್ರಿ, ಇಳಸ್ರಿ. ಉಸರ ಒಳಗ ತಗೊಳ್ಳಾಕ ಬಡದಾಡಬ್ಯಾಡ್ರಿ. ಬಿಸಿ ಹಾಲ ಆರಿಸಿದಂಗ ಸಾವಕಾಶ ಊದಿ ಹೊರಗ ಬಿಡ್ರಿ. ಒಳಗ ಬರೂದು ತಾನ ಬರತೈತಿ." ಅತ್ತೆ ಊದಿದರು. ಮೊದಮೊದಲು ತುಂಡುತುಂಡಾಗಿ ಬಂತು. ಆಮೇಲೆ ಸ್ವಲ್ಪ ಉದ್ದವಾಯಿತು. ಹೆಗಲುಗಳು ನಿಧಾನವಾಗಿ ಕೆಳಗಿಳಿದವು. ಅವರ ಕುತ್ತಿಗೆಯನ್ನು ನಾನು ಎಷ್ಟೋ ದಿನದ ಮೇಲೆ ಕಂಡೆ.

"ಊದೂ ಮುಂದ ಎರಡ ಹೆಜ್ಜಿ. ಉಸರ ತಗೊಳ್ಳೂ ಮುಂದ ನಿಂದ್ರೂದು. ದಣದ ಮ್ಯಾಲ ಅಲ್ರಿ, ದಣಿಯೂಕಿಂತ ಮೊದಲ ನಿಂದ್ರಬೇಕು. ಅಲ್ಲೇ ಎಲ್ಲಾರೂ ತಪ್ಪತಾರ."

ಪಡಸಾಲೆಯಿಂದ ಬಾವಿಕಟ್ಟೆಗೆ ಇಪ್ಪತ್ತು ಹೆಜ್ಜೆ ಇರಬಹುದು. ಒಂದು ಬುಟ್ಟಿ ರೊಟ್ಟಿ ಬಡಿಯುವಷ್ಟು ಹೊತ್ತಾಯಿತು. ಪಕ್ಕದಲ್ಲಿ ನಾನು, ಹಿಂದೆ ಎರಡೂ ಕೈ ಚಾಚಿಕೊಂಡು ನಮ್ಮವರು, ದೂರದಲ್ಲಿ ಕಂಬಳಿ ಹೊದ್ದು ತಾನೂ ಊದುತ್ತ ಮಾಳಪ್ಪ. ಬಾವಿಕಟ್ಟೆ ಮುಟ್ಟಿದಾಗ ಅತ್ತೆ ತಲೆಯೆತ್ತಿದರು. ಕಳಸ ಬಿಸಿಲಿಗೆ ಹೊಳೆಯುತ್ತಿತ್ತು. ಕೋಲನ್ನು ನನಗೆ ಕೊಟ್ಟು, ಎರಡೂ ಕೈ ಮುಗಿದು ನಿಂತರು. ಆಮೇಲೆ ನೀರು ಬೇಡಿದರು. ಆ ನೀರು ಅವರ ಗಂಟಲಿನಲ್ಲಿ ಇಳಿದ ಸಪ್ಪಳ ನನಗೆ ಇನ್ನೂ ನೆನಪಿದೆ.

ಮರುದಿನ ಆಳುಗಳು ಬಂದರು. ಅತ್ತೆ ಬಣವೆ ಇಳಿಸಗೊಡಲಿಲ್ಲ. ಇದ್ದಲ್ಲೇ ಇರಲಿ ಅಂದರು. ನಮ್ಮ ಹೊಲದಲ್ಲಿ ಹಿಂಡು ಕೂತಿದ್ದ ಹನ್ನೆರಡು ದಿನವೂ ಮಾಳಪ್ಪ ಮುಂಜಾನೆ ಬಂದು ಅಂಗಳದಲ್ಲಿ ಕೂಡುತ್ತಿದ್ದ. ಅತ್ತೆ ಏಳುವುದು, ಕೈಯೆತ್ತಿ ಇಳಿಸುವುದು, ಹೊರಸಿನ ಅಂಚಿನಿಂದ ಕೂತು ಏಳುವುದು, ಎಲ್ಲದಕ್ಕೂ ಅವನದು ಒಂದೇ ಮಾತು: ಊದಿಕೋತ ಮಾಡ್ರಿ. ಬಾವಿಕಟ್ಟೆ ಹೋಗಿ ಅಂಗಳದ ಬಾಗಿಲಾಯಿತು, ಬಾಗಿಲು ಹೋಗಿ ಓಣಿಯ ತಿರುವಾಯಿತು. ಹೊರಡುವ ದಿನ ಕೋಲನ್ನು ನಮ್ಮಲ್ಲೇ ಬಿಟ್ಟು ಹೋದ. "ನನಗ ಗಿಡದಾಗ ಕೋಲಿಗೇನ ಬರಗಾಲ" ಅಂದ.

ಬೇವಿನ ಮರದ ಹತ್ತಿರ ಒಮ್ಮೆ ಫಜೀತಿಯಾಯಿತು. ಕಟ್ಟೆಯ ಮೇಲೆ ಓಣಿಯ ಹೆಂಗಸರು ಕೂತಿದ್ದರು. ಅವರನ್ನು ಕಂಡೊಡನೆ ಅತ್ತೆ ಕೋಲನ್ನು ನನ್ನ ಕೈಗೆ ತುರುಕಿ, ಸೆರಗು ಸರಿ ಮಾಡಿಕೊಂಡು, ಹರೆಯದವರಂತೆ ಸರಸರ ನಡೆದರು. ಹೆಂಗಸರು ಬಾಯಿ ತುಂಬ ಹೊಗಳಿದರು. ತಿರುವು ದಾಟಿದ ಕೂಡಲೆ ದಮ್ಮು ಏರಿ ನೆಲಕ್ಕೆ ಕುಸಿದರು. ಅದರ ದಂಡ ಎಂಟು ದಿನ. ಮತ್ತೆ ಬಾವಿಕಟ್ಟೆಯಿಂದ ಶುರುವಾಯಿತು. ನಾನು ಬೈಯಬೇಕೆಂದಿದ್ದೆ. ಸೊಸೆಯಾಗಿ ಬೈಯುವುದು ಹೇಗೆಂದು ತಿಳಿಯದೆ ಗಂಜಿಯನ್ನು ಸ್ವಲ್ಪ ಜೋರಾಗಿ ನೆಲಕ್ಕಿಟ್ಟೆ. ಅತ್ತೆಗೆ ಅರ್ಥವಾಯಿತು.

ನಮ್ಮಲ್ಲಿ ಕಾಯೋತ್ಸರ್ಗ ಎಂದು ಒಂದು ಕ್ರಿಯೆ ಇದೆ. ಕೈಗಳನ್ನು ಇಳಿಬಿಟ್ಟು ನೆಟ್ಟಗೆ ನಿಂತು, ದೇಹ ನನ್ನದಲ್ಲವೆಂದು ಬಿಟ್ಟುಕೊಟ್ಟು, ಇಪ್ಪತ್ತೇಳು ಉಸಿರಿನಲ್ಲಿ ಒಂಬತ್ತು ಸಲ ಮಂತ್ರ ಹೇಳುವುದು. ಚಿಕ್ಕಂದಿನಿಂದ ನಾನೂ ಮಾಡಿದ್ದೇನೆ, ಲೆಕ್ಕ ಮುಗಿದರೆ ಸಾಕೆನ್ನುವಂತೆ. ಅತ್ತೆಯೂ ಮೊದಲು ಹಾಗೆಯೇ ಮಾಡುತ್ತಿದ್ದರು. ನಾನು ಒಂದು ರೊಟ್ಟಿ ತಿರುವಿ ಹಾಕುವಷ್ಟರಲ್ಲಿ ಅವರ ಇಪ್ಪತ್ತೇಳೂ ಮುಗಿದಿರುತ್ತಿದ್ದವು. ಈಗ ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಊದಿ ಊದಿ ಒಂದೊಂದೇ ಉಸಿರು ಎಣಿಸುತ್ತಿದ್ದರು. ಒಂಬತ್ತಕ್ಕೇ ಕಾಲು ನಡುಗುತ್ತಿತ್ತು, ಕೂಡುತ್ತಿದ್ದರು. ಒಂದು ದಿನ ತಾವಾಗಿ ನನ್ನನ್ನು ಕರೆದು ಹೇಳಿದರು:

"ಏಳ ವರ್ಷದಾಕಿ ಇದ್ದಾಗಿಂದ ಇದನ್ನ ಮಾಡೇನಿ ಚಂದವ್ವಾ. ಮುಷ್ಟಿ ಬಿಗಿ ಹಿಡದ ಮಾಡೇನಿ. ಬಾಯಿಲೆ ದೇಹ ಬಿಟ್ಟೇನಿ ಅನ್ನೂದು, ಹೆಗಲ ಬಿಟ್ಟಿಲ್ಲ. ಕುರಿ ಕಾಯಾಂವ ಬಂದ ಹೇಳಬೇಕಾತ ನೋಡು."

ಅವರು ನನ್ನನ್ನು ಹೆಸರು ಹಿಡಿದು ಕರೆದದ್ದೂ ಅದೇ ಮೊದಲು. ಅಲ್ಲಿಯವರೆಗೆ ನಾನು "ಏ ಮೂಡಲಗಿಯಾಕಿ" ಆಗಿದ್ದೆ. ನನ್ನ ಕಣ್ಣಲ್ಲಿ ನೀರು ಬಂತು. ಹಾಲು ಉಕ್ಕುತ್ತದೆ ಎಂದು ಸುಳ್ಳು ಹೇಳಿ ಒಳಗೆ ಹೋದೆ.

ಮುಂಗಾರು ಮಳೆ ಇನ್ನೇನು ಬರಬೇಕು ಅನ್ನುವಾಗ ಅತ್ತೆ ಮೂವತ್ತೆರಡು ಮೆಟ್ಟಿಲು ಹತ್ತಿದರು. ಒಂದು ಊದಿಗೆ ಒಂದು ಮೆಟ್ಟಿಲು. ನಾಲ್ಕು ಮೆಟ್ಟಿಲಿಗೊಮ್ಮೆ ಕೋಲಿಗೆ ಗದ್ದ. ನಮಗಿಂತ ಹಿಂದೆ ಹೊರಟವರು ದರ್ಶನ ಮಾಡಿ ಇಳಿದೂ ಹೋದರು. ಅತ್ತೆ ಯಾರ ಕಡೆಗೂ ನೋಡಲಿಲ್ಲ. ಬಾಗಿಲಲ್ಲಿ ಕೋಲು ಬಿಟ್ಟು ಒಳಗೆ ಹೋಗಿ, ಸ್ವಾಮಿಯ ಎದುರು ಕೈ ಇಳಿಬಿಟ್ಟು ನಿಂತರು. ನಾನು ಹಿಂದೆ ನಿಂತು ಅವರ ಉಸಿರು ಎಣಿಸಿದೆ. ಇಪ್ಪತ್ತೇಳು. ಎಣಿಸುತ್ತ ಎಣಿಸುತ್ತ ನನ್ನ ಉಸಿರೂ ಅವರದರ ಜೊತೆಗೇ ನಡೆಯತೊಡಗಿತ್ತು. ಇಳಿದು ಮನೆಗೆ ಬಂದವರೇ ಮಗನಿಗೆ, "ಆ ಕಿಂಡಿ ಮುಚ್ಚಸು" ಅಂದರು. ನಮ್ಮವರಿಗೆ ಮುಖ ಸಣ್ಣದಾಯಿತು. ಅಷ್ಟು ಪ್ರೀತಿಯಿಂದ ಮಾಡಿಸಿದ ಕಿಂಡಿ. ಅತ್ತೆ ಅದನ್ನು ಕಂಡು, ಮಗನ ಬೆನ್ನ ಮೇಲೆ ಕೈಯಿಟ್ಟು, "ಬಾಳ ಚಲೋ ಮಾಡಿದ್ದಿ ಮಗನ. ಅದರ ಮುಂದ ಮಲಗಿದ್ರ ನಾ ಏಳತಿದ್ದಿಲ್ಲ" ಅಂದರು. ಆಮೇಲೆ ಊಟಕ್ಕೆ ಕೂತು, ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದರು. ನಾನು ಗೂಟದ ಮೇಲಿನ ಕೀಲಿಕೈ ತಂದು ಅವರ ಮುಂದಿಟ್ಟೆ. ಬೇಸರವಾಗಲಿಲ್ಲ ಎಂದರೆ ಸುಳ್ಳು, ಸಂತೋಷವಾಗಲಿಲ್ಲ ಎಂದರೂ ಸುಳ್ಳು.

ದಮ್ಮು ವಾಸಿಯಾಯಿತೆಂದು ತಿಳಿಯಬೇಡಿ. ಅದು ಎಲ್ಲಿಗೂ ಹೋಗಲಿಲ್ಲ. ಮೋಡ ಕವಿದ ದಿನ, ಒಗ್ಗರಣೆಯ ಹೊಗೆ, ಹತ್ತಿಯ ದೂಳು ಯಾವುದಕ್ಕಾದರೂ ಏಳುತ್ತಿತ್ತು. ಅತ್ತೆ ಕೋಲು ಊರಿ, ಅದು ಇಳಿಯುವವರೆಗೆ ಕಾಯುವುದನ್ನು ಕಲಿತಿದ್ದರು ಅಷ್ಟೆ. ಹಾಗೆ ಹತ್ತು ಹನ್ನೆರಡು ವರ್ಷ ಮೆಟ್ಟಿಲು ಹತ್ತಿದರು. ಮಾಳಪ್ಪ ವರ್ಷಕ್ಕೊಮ್ಮೆ ಬಂದಾಗ, ಅಂಗಳದಲ್ಲಿ ಕೂತು, ತ್ರಾಸು ಹೇಗಿದೆ ಎಂದು ಇಬ್ಬರೂ ತಮ್ಮ ತಮ್ಮದನ್ನು ಹೇಳಿಕೊಳ್ಳುತ್ತಿದ್ದರು. ಒಂದು ವರ್ಷ ಹಿಂಡಿನ ಜೊತೆ ಅವನ ಮಗನೊಬ್ಬನೇ ಬಂದ. ಸುದ್ದಿ ಕೇಳಿದ ಅತ್ತೆ ಎದ್ದರು. ಅಂಗಳಕ್ಕೆ ಹೋಗಿ ಕೋಲಿಗೆ ಗದ್ದ ಕೊಟ್ಟು ಬಹಳ ಹೊತ್ತು ನಿಂತರು.

ಕಡೆಯ ಚಳಿಗಾಲದಲ್ಲಿ ಅತ್ತೆಗೆ ಏಳಲಾಗಲಿಲ್ಲ. ಈ ಸಲ ಕೋಲಿನಿಂದಲೂ ಆಗಲಿಲ್ಲ. ಕಿಂಡಿ ಮತ್ತೆ ತೆಗೆಸಲೇ ಎಂದು ನಮ್ಮವರು ಕೇಳಿದರು. ಗೋಡೆಯ ಮೇಲೆ ಅದರ ಗುರುತು ಇನ್ನೂ ಇತ್ತು. ಅತ್ತೆ ಬೇಡವೆಂದರು. "ಚಂದವ್ವ ಹೋಗಿ ಬರ್ಲಿ. ಆಕಿ ನೋಡಿ ಬಂದ್ರ ನಾ ನೋಡಿದಂಗ." ಉಪಾಧ್ಯೆಯನ್ನು ಕೇಳುವ ಗೋಜಿಗೂ ಹೋಗಲಿಲ್ಲ. ಅಂದಿನಿಂದ ನಾನು ದಿನಾಲು ಮೂವತ್ತೆರಡು ಮೆಟ್ಟಿಲು ಹತ್ತಿ ಇಳಿದು ಬಂದು ಹೊರಸಿನ ಪಕ್ಕದಲ್ಲಿ ಕೂಡಬೇಕು, ಅವರು ನನ್ನ ಕೈ ಹಿಡಿದು ಸ್ವಲ್ಪ ಹೊತ್ತು ಕಣ್ಣು ಮುಚ್ಚಬೇಕು, ಆಮೇಲೆ ನೀರು.

ಒಂದು ಮುಂಜಾನೆ ಮಂಜು ಬಹಳ ಇತ್ತು. ಮಗಳಿಗೆ ಜ್ವರ, ಒಲೆಯ ಮೇಲೆ ಹಾಲು, ಹಟ್ಟಿಯಲ್ಲಿ ಕರು ಬಿಚ್ಚಿಕೊಂಡಿತ್ತು. ನಾನು ಬೇವಿನ ಮರದವರೆಗೆ ಹೋದೆ. ಅಲ್ಲಿಂದ ಕಳಸ ಮಸುಕಾಗಿ ಕಂಡಿತು. ಕಳಸ ಕಂಡರೂ ದರ್ಶನವಾದಂತೆಯೇ ಎಂದು ಹಿಂದೆ ಉಪಾಧ್ಯೆ ಹೇಳಿದ್ದು ನನಗೆ ಆಗ ಬಹಳ ಅನುಕೂಲವಾಗಿ ನೆನಪಾಯಿತು. ಕೈ ಮುಗಿದು ಅಲ್ಲಿಂದಲೇ ತಿರುಗಿ ಬಂದು ಹೊರಸಿನ ಪಕ್ಕ ಕೂತೆ.

"ಆತೇನ?" ಅಂದರು ಅತ್ತೆ.

"ಆತ್ರಿ."

ನನ್ನ ಕೈ ಹಿಡಿದು ಕಣ್ಣು ಮುಚ್ಚಿದರು. ನೀರು ಬೇಡಲಿಲ್ಲ. ಅವರು ಕಿವಿಗೊಟ್ಟು ಕೇಳುತ್ತಿದ್ದಾರೆಂದು ನನಗೆ ಸ್ವಲ್ಪ ತಡವಾಗಿ ಹೊಳೆಯಿತು.

"ಬೇವಿನ ಗಿಡದ ತನಕ ಹೋಗಿ ಬಂದಿ" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಮೂವತ್ತೆರಡ ಮೆಟ್ಟಲಾ ಹತ್ತಿ ಇಳದಾಕಿ ಉಸರ ಇದಲ್ಲ."

ನಾನು ಎದ್ದೆ. ಹಾಲು ಉಕ್ಕಿದರೆ ಉಕ್ಕಲಿ, ಕರು ಹೋದಲ್ಲಿ ಹೋಗಲಿ ಎಂದು ಓಡಿದೆ. ಓಣಿ ಏರಿ, ಒಂದೇ ಉಸಿರಿಗೆ ಮೆಟ್ಟಿಲು ಹತ್ತಿ, ಸ್ವಾಮಿಯ ಎದುರು ಕಣ್ಣು ತುಂಬ ನೋಡಿ, ಹತ್ತಿದಂತೆಯೇ ಇಳಿದು ಬಂದೆ. ಹೊರಸಿನ ಹತ್ತಿರ ಬಂದಾಗ ಎದೆ ಒಡೆಯುವಂತಿತ್ತು. ತಪ್ಪಾಯಿತು ಅನ್ನಲು ಬಾಯಿ ತೆರೆದರೆ ಮಾತು ಬರಲಿಲ್ಲ, ಬರೀ ಏದುಸಿರು. ಅತ್ತೆ ಗೋಡೆಗೆ ಒರಗಿಸಿಟ್ಟಿದ್ದ ಕೋಲಿನ ಕಡೆ ಬೆರಳು ಮಾಡಿದರು.

"ಗದ್ದ ಊರು" ಅಂದರು. "ಹೆಗಲ ಬಿಡು. ಸಾವಕಾಶ ಊದು."

ಕೋಲು ಊರಿ ಗದ್ದ ಕೊಟ್ಟೆ. ಆ ತಗ್ಗು ನನ್ನ ಗದ್ದಕ್ಕೂ ಸರಿಯಾಗಿಯೇ ಕೂತಿತು. ಅತ್ತೆ ನನ್ನ ಉಸಿರನ್ನೇ ಕೇಳುತ್ತ ಮಲಗಿದ್ದರು. ಒಂದೊಂದೇ ಊದಿ ಬಿಟ್ಟೆ. ಎಷ್ಟು ಹೊತ್ತಾಯಿತೋ, ಎದೆ ತಣ್ಣಗಾಗಿ ಉಸಿರು ತನ್ನ ಹಾದಿಗೆ ಬಂತು.

"ಹಾಂ" ಅಂದರು ಅತ್ತೆ. "ಈಗ ನೀರ ಕೊಡು."